ಮುಯ್ಯಿ ಲೆಕ್ಕ

2013ರ ನವೆಂಬರ್ 16ರಂದು ಭಾರತರತ್ನಕ್ಕೆ ಎರಡು ಹೆಸರು ಒಟ್ಟಿಗೆ ಪ್ರಕಟವಾದವು: ಸಚಿನ್ ತೆಂಡೂಲ್ಕರ್ ಮತ್ತು ನಮ್ಮ ಬೆಂಗಳೂರಿನ ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್. ಇಬ್ಬರೂ ನೂರು ಹೊಡೆದವರೇ. ಸಚಿನ್ 2012ರಲ್ಲಿ ಮೀರ್‌ಪುರದಲ್ಲಿ ನೂರನೆಯ ಅಂತರರಾಷ್ಟ್ರೀಯ ಶತಕ ಬಾರಿಸಿದ್ದರು. ರಾವ್ ಅವರ ಎಚ್-ಇಂಡೆಕ್ಸ್ 2013ರಲ್ಲಿ ನೂರು ಮುಟ್ಟಿತ್ತು. ಮೊದಲನೆಯ ನೂರನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಎರಡನೆಯದನ್ನು ಪೇಪರಿನಲ್ಲಿ ಓದಿದ ನಮ್ಮ ಮಾವನವರು ಕನ್ನಡಕ ಹಣೆಗೇರಿಸಿ, "ನೂರಕ್ಕೆ ನೂರಾ? ಗಣಿತ ಆಗಿದ್ದರೆ ಸರಿ. ಕೆಮಿಸ್ಟ್ರಿಯಲ್ಲಿ ಯಾರು ಕೊಡ್ತಾರೆ ಹಾಗೆ?" ಎಂದರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಅಳಿಯ ನಾನು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ವಿಜ್ಞಾನಿ ಬರೆದ ಪ್ರಬಂಧಗಳಲ್ಲಿ ನೂರಾದರೂ ತಲಾ ನೂರು ಸಲ ಮುಂದಿನವರ ಪ್ರಬಂಧಗಳಲ್ಲಿ ಉಲ್ಲೇಖಗೊಂಡಿದ್ದರೆ ಅವರ ಎಚ್-ಇಂಡೆಕ್ಸ್ ನೂರು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಹೂಡಿದ ಲೆಕ್ಕ ಇದು. ಮಾವನವರ ಮುಖ ಅರಳಲಿಲ್ಲ. ಕೊನೆಗೆ ಅವರ ಕಪಾಟಿನಲ್ಲೇ ಇರುವ ಮುಯ್ಯಿ ಪುಸ್ತಕದ ಮೊರೆಹೋದೆ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಬರೆದಿಡುತ್ತೇವಲ್ಲ, ಪ್ರಬಂಧಕ್ಕೆ ಬೀಳುವ ಸೈಟೇಶನ್ನೂ ಅಂಥದ್ದೇ ಎಂದೆ. ಅವರಿಗೆ ತಕ್ಷಣ ಹೊಳೆಯಿತು, ನನಗಿಂತ ಮುಂದಕ್ಕೇ ಹೋದರು: "ನಮ್ಮ ಮನೆ ಮದುವೆಗೆ ನಾವೇ ಮುಯ್ಯಿ ಹಾಕ್ಕೋಬಹುದಾ?" ಹಾಕಿಕೊಳ್ಳಬಹುದು, ಅದಕ್ಕೆ ಸೆಲ್ಫ್ ಸೈಟೇಶನ್ ಅಂತಾರೆ ಎಂದೆ. "ನಾನು ನಿನಗೆ ಹಾಕಿ, ನೀನು ನನಗೆ ಹಾಕೋದು?" ಅದೂ ಇದೆ. "ಸರಿ ಬಿಡು, ನಮ್ಮ ಕಡೆಯವರೇ," ಎಂದು ಕನ್ನಡಕ ಇಳಿಸಿದರು.

ರಾವ್ ಅವರ ಮೊದಲ ಪ್ರಬಂಧ ಅಚ್ಚಾದದ್ದು 1954ರಲ್ಲಿ, ಆಗ್ರಾ ವಿಶ್ವವಿದ್ಯಾಲಯದ ಸಂಶೋಧನಾ ಪತ್ರಿಕೆಯಲ್ಲಿ. ಆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಪ್ರಬಂಧವೊಂದಕ್ಕೆ ಸರಾಸರಿ ಬೀಳುವ ಮುಯ್ಯಿ, ಎಷ್ಟು ಎಂದು ಆಗ ಯಾರೂ ಕೇಳುವಂತಿರಲಿಲ್ಲ, ಏಕೆಂದರೆ ರಸಾಯನಶಾಸ್ತ್ರ ಓದಿದ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಆ ಮಾತನ್ನು ಎತ್ತಿದ್ದೇ 1955ರಲ್ಲಿ. ಆ ಮೊದಲ ಪ್ರಬಂಧದಿಂದ ಭಾರತರತ್ನದ ಹೊತ್ತಿಗೆ ರಾವ್ ಅವರ ಪ್ರಬಂಧಗಳು 1500ರ ಆಸುಪಾಸು. ಸರಾಸರಿ ಹಾಕಿದರೆ ಹದಿನೈದು ದಿನಕ್ಕೊಂದು. ನಮ್ಮಂಥವರು ಹದಿನೈದು ದಿನದಲ್ಲಿ ಒಂದು ಇಂಟರ್ನಲ್ಸ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದರೆ ದೊಡ್ಡದು.

ಈ ಲೆಕ್ಕದ ತಮಾಷೆ ಏನೆಂದರೆ, ಅತಿ ಹೆಚ್ಚು ಮುಯ್ಯಿ ಬಿದ್ದಿರುವುದು ಮಹಾ ಸಿದ್ಧಾಂತಗಳಿಗಲ್ಲ. ಆಲಿವರ್ ಲೌರಿ 1951ರಲ್ಲಿ ತಮ್ಮ ಸಂಗಡಿಗರೊಡನೆ ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಬರೆದರು. ತಾಮ್ರದ ದ್ರಾವಣ, ಫೋಲಿನ್ ರೀಏಜೆಂಟ್ ಹಾಕಿದರೆ ನೀಲಿ ಬಣ್ಣ. ನೀಲಿ ಗಾಢವಾದಷ್ಟೂ ಪ್ರೋಟೀನ್ ಹೆಚ್ಚು. ಅಷ್ಟೇ. ಅದಕ್ಕೆ 2014ರ ಹೊತ್ತಿಗೇ ಮೂರು ಲಕ್ಷ ದಾಟಿದ ಉಲ್ಲೇಖಗಳು! ಲೌರಿಯವರೇ ಅದನ್ನು ತಮ್ಮ ದೊಡ್ಡ ಕೆಲಸವೆಂದು ಎಣಿಸಿರಲಿಲ್ಲ. ಅದೊಂದನ್ನೇ ಬರೆದು ಸುಮ್ಮನಾಗಿದ್ದರೆ ಅವರ ಎಚ್-ಇಂಡೆಕ್ಸ್ ಕೇವಲ ಒಂದು. ಇತ್ತ ಮೆಂಡಲೀವ್‌ನ ಕೋಷ್ಟಕ ಪ್ರತಿ ಲ್ಯಾಬಿನ ಗೋಡೆಯಲ್ಲೂ ನೇತಾಡುತ್ತದೆ, ಅವನ ಹೆಸರಿಗೆ ಮುಯ್ಯಿ ಬರೆಸುವವರು ಯಾರೂ ಇಲ್ಲ.

ನನಗೆ ಬಹಳ ಇಷ್ಟವಾದವರು ಗಾಟಿಂಗೆನ್‌ನ ಜಾರ್ಜ್ ಶೆಲ್ಡ್ರಿಕ್. ಹರಳಿನ ರಚನೆ ಬಿಡಿಸುವ ಇವರ ಶೆಲೆಕ್ಸ್ ತಂತ್ರಾಂಶವನ್ನು ಜಗತ್ತೇ ಬಳಸುತ್ತಿತ್ತು. 2008ರಲ್ಲಿ ಅದರ ಪುಟ್ಟ ಚರಿತ್ರೆ ಬರೆದು, ತಂತ್ರಾಂಶ ಬಳಸಿದವರು ಇದನ್ನೇ ಉಲ್ಲೇಖಿಸಬಹುದು ಎಂದು ಸಾರಾಂಶದಲ್ಲೇ ಸೂಚಿಸಿದರು. ಬಳಸಿದವರೆಲ್ಲ ಉಲ್ಲೇಖಿಸಿದರು. ಅದನ್ನು ಪ್ರಕಟಿಸಿದ್ದ 'ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ' ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎರಡರಿಂದ ಒಂದೇ ಏಟಿಗೆ ಐವತ್ತರ ಹತ್ತಿರ ಜಿಗಿದು, 'ನೇಚರ್' 'ಸೈನ್ಸ್'ಗಳನ್ನೂ ಹಿಂದೆ ಹಾಕಿತು. ಹಿಂದಿನ ಎರಡು ವರ್ಷದ ಪ್ರಬಂಧಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಪದ್ಧತಿ. ಆದ್ದರಿಂದ 2011ರಲ್ಲಿ ಮತ್ತೆ ಎರಡಕ್ಕೆ ಬಂದು ಕೂತಿತು. ಆ ಎರಡು ವರ್ಷ ಅದರಲ್ಲಿ ಬರೆದಿದ್ದ ಬೇರೆಯವರು ಬಯೋಡೇಟಾದಲ್ಲಿ ಐವತ್ತು ಎಂದು ಹಾಕಿಕೊಂಡಿದ್ದರೆ ತಪ್ಪೆನ್ನುವಂತಿಲ್ಲ.

ನಮ್ಮ ಕಾಲೇಜುಗಳಿಗೆ ಈ ಗಾಳಿ ಬೀಸಿದ್ದು 2010ರಲ್ಲಿ, ಯುಜಿಸಿ ಬಡ್ತಿಗೆ ಎಪಿಐ ಅಂಕಗಳನ್ನು ತಂದು, ಪ್ರಕಟಿಸಿದ ಪ್ರಬಂಧಗಳಿಗೂ ಅಂಕ ಇಟ್ಟಾಗ. ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಇರುವ ಪತ್ರಿಕೆಗಳು ಓಣಿ ಓಣಿಯಲ್ಲಿ ಹುಟ್ಟಿದವು, ಹಣ ಕಟ್ಟಿದರೆ ವಾರದಲ್ಲಿ ಪ್ರಕಟಣೆ. ಸ್ಟಾಫ್‌ರೂಮಿನಲ್ಲಿ "ಊಟ ಆಯ್ತಾ ಸಾರ್?" ಎನ್ನುವುದರ ಜಾಗಕ್ಕೆ "ಐಎಸ್‌ಎಸ್‌ಎನ್ ಇದೆಯಾ ಸಾರ್?" ಬಂದು ಕೂತಿತು; ಐಎಸ್‌ಎಸ್‌ಎನ್ ಅಂದರೆ ಪತ್ರಿಕೆಗೆ ಸಿಗುವ ಗುರುತಿನ ನಂಬರು. ಈ ಬರಹದ ಕರಡನ್ನು ನಮ್ಮ ವಿಭಾಗದ ಕಿರಿಯ ಮಿತ್ರರೊಬ್ಬರಿಗೆ ತೋರಿಸಿದೆ. ಗಂಭೀರವಾಗಿ ಕೊನೆಯವರೆಗೂ ಓದಿದರು. "ಚೆನ್ನಾಗಿದೆ ಸಾರ್. ನಂಬರ್ ಇರೋ ಪತ್ರಿಕೆಗೇ ಕಳಿಸಿ," ಎಂದವರು, ಬಾಗಿಲವರೆಗೆ ಹೋಗಿ ತಿರುಗಿದರು. "ಸೆಕೆಂಡ್ ಆಥರ್ ಜಾಗ ಖಾಲಿ ಇದೆಯಾ ಸಾರ್?"