ಮೇಲಿನವರ ಚುನಾವಣೆ ಮುಹೂರ್ತಕ್ಕೆ, ಕೆಳಗಿನವರದ್ದು ಮರ್ಜಿಗೆ

ಚಾಮರಾಜನಗರ ಜಿಲ್ಲಾ ಪಂಚಾಯ್ತಿಗೆ ಕಚೇರಿಯಿದೆ. ಅಧಿಕಾರಿಗಳಿದ್ದಾರೆ, ಕಡತಗಳಿವೆ, ಕಾರುಗಳಿವೆ. ಸದಸ್ಯರಿಲ್ಲ.

2016ರ ಫೆಬ್ರವರಿಯಲ್ಲಿ ನಾವು ಮತ ಹಾಕಿ ಕಳಿಸಿದವರ ಅವಧಿ 2021ರಲ್ಲಿ ಮುಗಿಯಿತು. ಅವರು ಮನೆಗೆ ಹೋದರು. ಹೊಸಬರು ಬರಲಿಲ್ಲ. 2023ರಲ್ಲಿ ವಿಧಾನಸಭೆಗೆ ಮತ ಹಾಕಿದೆವು. 2024ರಲ್ಲಿ ಲೋಕಸಭೆಗೆ ಹಾಕಿದೆವು. 2025 ಬಂದರೂ ಜಿಲ್ಲಾ ಪಂಚಾಯ್ತಿಗೆ ಹಾಕಲು ಯಾರೂ ಕರೆದಿಲ್ಲ. ತಾಲ್ಲೂಕು ಪಂಚಾಯ್ತಿಗೂ ಅದೇ ಗತಿ. ನಮ್ಮ ಜಿಲ್ಲೆಯೊಂದಕ್ಕೇ ಈ ಶಿಕ್ಷೆ ಎಂದು ಬೇಸರ ಪಡಬೇಡಿ. ಇಡೀ ರಾಜ್ಯಕ್ಕೆ ಸಮಪಾಲು. ಸಾಮಾಜಿಕ ನ್ಯಾಯ ಪೂರ್ಣವಾಗಿ ಜಾರಿಯಾಗಿರುವುದು ಇದೊಂದರಲ್ಲೇ ಇರಬೇಕು.

ಚಾಮರಾಜನಗರಕ್ಕೆ ಹಳೆಯ ಅಪವಾದವೊಂದಿದೆ. ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನಂತೆ. ಓದಿಕೊಂಡ ಮುಖ್ಯಮಂತ್ರಿಗಳೂ ಇದಕ್ಕೆ ಹೆದರಿ ಪಕ್ಕದಲ್ಲೇ ಸುತ್ತು ಹಾಕಿ ಹೋದದ್ದನ್ನು ಕಂಡಿದ್ದೇವೆ. ಕಡೆಗೆ ಕುರ್ಚಿ ಹೋದದ್ದು ಯಾರದ್ದು? ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಎಲ್ಲಿಗೂ ಹೋಗದ ಜಿಲ್ಲಾ ಪಂಚಾಯ್ತಿ ಸದಸ್ಯರದ್ದು.

ಇದೇ ಜಿಲ್ಲೆಯ ಗುಂಡ್ಲುಪೇಟೆಯವರು ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಕೂತು, ಅಧಿಕಾರವನ್ನು ಬೆಂಗಳೂರಿನಿಂದ ಇಳಿಸಿ ಜಿಲ್ಲೆಗೆ, ಮಂಡಲಕ್ಕೆ ತಂದವರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿದೆ. ಪಂಚಾಯ್ತಿಗೆ ಆರಿಸಿ ಬಂದವರಿಗೆ ಅಲ್ಲಿ ತರಬೇತಿ. ಜಿಲ್ಲಾ ಪಂಚಾಯ್ತಿಗೆ ಆರಿಸಿ ಬಂದವರನ್ನು ಮಾತ್ರ ಸದ್ಯಕ್ಕೆ ಕೇಳಬೇಡಿ. ನಜೀರ್ ಸಾಬರ ಫೋಟೋ ಇದೆ, ಹಾರ ಇದೆ, ಭಾಷಣ ಇದೆ. ಭಾಷಣ ಮಾಡುವವರೇ ಚುನಾವಣೆ ನಡೆಸದವರು ಎಂಬುದನ್ನು ಮರೆತರೆ ಕಾರ್ಯಕ್ರಮ ಚೆನ್ನಾಗಿಯೇ ಇರುತ್ತದೆ.

ಈ ಚಾಳಿ ನಿನ್ನೆ ಮೊನ್ನೆಯದೂ ಅಲ್ಲ. ಅಜ್ಜಂದಿರನ್ನು ಕೇಳಿ, ‘ಬೋರ್ಡ್ ಮೆಂಬರು’ ಎಂಬ ಕುಲವೊಂದಿತ್ತು ಎನ್ನುತ್ತಾರೆ. 1959ರ ಕಾಯ್ದೆ ಹುಟ್ಟಿಸಿದ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಮೆಂಬರು. ಒಮ್ಮೆ ಗೆದ್ದರೆ ಸಾಕು, ಮುಂದಿನ ಚುನಾವಣೆ ಯಾವಾಗ ಎಂಬುದು ದೇವರಿಗೂ ಗೊತ್ತಿರುತ್ತಿರಲಿಲ್ಲ. 1978ರಲ್ಲಿ ಚುನಾವಣೆ ನಡೆಯಿತು. ಆಮೇಲಿನದು 1987ಕ್ಕೆ. ನಡುವೆ ಮಗು ಹುಟ್ಟಿ, ಮೂರನೇ ಕ್ಲಾಸು ಮುಗಿಸಿತ್ತು.

1987 ನಿಜಕ್ಕೂ ಬೇರೆಯಾಗಿತ್ತು, ಒಪ್ಪೋಣ. 1983ರಲ್ಲಿ ಸದನ ಒಪ್ಪಿದ ಕಾಯ್ದೆಗೆ ದೆಹಲಿಯ ಅಂಕಿತ ಬೀಳಲು 1985 ಆಯಿತು. ಹಳ್ಳಿಗೆ ಅಧಿಕಾರ ಕೊಡುವ ಕಾಗದಕ್ಕೆ ದೆಹಲಿಯಲ್ಲಿ ಅಷ್ಟು ದಿನ ನಿದ್ದೆ ಬಂದಿತ್ತು. ಅಂತೂ 1987ರ ಜನವರಿಯಲ್ಲಿ ಚುನಾವಣೆ. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು, ಸಂವಿಧಾನಕ್ಕೆ ಆ ಬುದ್ಧಿ ಬರುವ ಆರು ವರ್ಷ ಮೊದಲೇ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಐಎಎಸ್ ಅಧಿಕಾರಿಯೇ ಮುಖ್ಯ ಕಾರ್ಯದರ್ಶಿ.

ಶಾಸಕರಿಗೆ ಜ್ವರ ಬಂದದ್ದು ಆಗಲೇ. ನಿನ್ನೆ ತನಕ ತನ್ನ ಜೀಪಿನ ಹಿಂದೆ ಓಡುತ್ತಿದ್ದ ಹುಡುಗ ಇವತ್ತು ಕೆಂಪು ದೀಪದ ಕಾರಿನಲ್ಲಿ ಬಂದರೆ ಯಾವ ಶಾಸಕ ತಾನೇ ನಿದ್ದೆ ಮಾಡಿಯಾನು? ಆ ಜ್ವರ ಇಳಿದಿಲ್ಲ. ಔಷಧವಂತೂ ಸಿಕ್ಕಿದೆ: ಚುನಾವಣೆಯನ್ನೇ ಮಾಡದಿರುವುದು.

ಮೊದಲ ಡೋಸು 1992ರಲ್ಲಿ. ಅವಧಿ ಮುಗಿಯಿತು, ಆಡಳಿತಾಧಿಕಾರಿಗಳು ಬಂದು ಕೂತರು. ಇಂಥ ಆಟ ನಡೆಯಬಾರದೆಂದು ಸಂವಿಧಾನಕ್ಕೇ ತಿದ್ದುಪಡಿ ತಂದು, 1993ರ ಏಪ್ರಿಲ್ 24ರಿಂದ ಜಾರಿ ಮಾಡಿದರು. ಪಂಚಾಯ್ತಿಯ ಆಯಸ್ಸು ಐದೇ ವರ್ಷ, ಅದು ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು. 243ಇ ವಿಧಿಯಲ್ಲಿ ಶಾಲಾ ಹುಡುಗನಿಗೂ ತಿಳಿಯುವಂತೆ ಬರೆದಿದ್ದಾರೆ. ಶಾಲಾ ಹುಡುಗ ಸರ್ಕಾರ ನಡೆಸುವುದಿಲ್ಲವಲ್ಲ. ಹೊಸ ಕಾಯ್ದೆಯಡಿ ಗ್ರಾಮ ಪಂಚಾಯ್ತಿಗೆ 1993ರ ಕೊನೆಗೆ ಚುನಾವಣೆ ಆಯಿತು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳು 1995ರ ತನಕ ಕಾದವು. 2000, 2005, 2010, 2016 ಹೇಗೋ ಕುಂಟಿಕೊಂಡು ದಾಟಿದವು.

ಆಮೇಲೆ 2021.

ಆ ವರ್ಷ ಕೊರೊನಾ ಇತ್ತು, ಹಾಗಾಗಿ ಚುನಾವಣೆ ಮುಂದೂಡಿದರು ಎಂದು ನೀವು ಸರ್ಕಾರದ ಪರ ವಾದಿಸಬಹುದು. ಬಸವಕಲ್ಯಾಣಕ್ಕೆ, ಮಸ್ಕಿಗೆ, ಬೆಳಗಾವಿ ಲೋಕಸಭೆಗೆ ಉಪಚುನಾವಣೆ ನಡೆದದ್ದು ಅದೇ 2021ರ ಏಪ್ರಿಲ್ 17ರಂದು. ಅದಕ್ಕೂ ಮೊದಲು, 2020ರ ನವೆಂಬರ್‌ನಲ್ಲಿ, ಶಿರಾ ಮತ್ತು ರಾಜರಾಜೇಶ್ವರಿ ನಗರದಲ್ಲೂ ನಡೆದಿತ್ತು. ನಮ್ಮ ವೈರಾಣುವಿಗೆ ವಿವೇಚನೆಯಿದೆ. ಶಾಸಕರ ಕ್ಷೇತ್ರಕ್ಕೆ ಅದು ಕಾಲಿಡುವುದಿಲ್ಲ.

ರಾಜ್ಯ ಚುನಾವಣಾ ಆಯೋಗ ಸುಮ್ಮನಿರಲಿಲ್ಲ. ಕ್ಷೇತ್ರಗಳ ಗಡಿ ಎಳೆದಿತ್ತು, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಕೆಲಸ ಮುಗಿಯುವ ಅಪಾಯ ಎದುರಾಯಿತು. ಆಗಿನ ಬಿಜೆಪಿ ಸರ್ಕಾರ ಎಚ್ಚೆತ್ತಿತು. ಕಾಯ್ದೆ ತಿದ್ದಿ, ಗಡಿ ಎಳೆಯುವ ಅಧಿಕಾರವನ್ನು ಆಯೋಗದಿಂದ ಕಿತ್ತು ಬೇರೊಂದು ಆಯೋಗಕ್ಕೆ ಕೊಟ್ಟಿತು. ಎಳೆದ ಗೆರೆಯನ್ನೆಲ್ಲ ಅಳಿಸಿ ಮತ್ತೆ ಎಳೆಯಲು ಶುರು. ಅದು ಸಾಲದೆಂದು ಹಿಂದುಳಿದ ವರ್ಗಗಳ ಮೀಸಲಾತಿಗೆ ಇನ್ನೊಂದು ಆಯೋಗ. 2022ರ ಡಿಸೆಂಬರ್‌ನಲ್ಲಿ ತಾಳ್ಮೆಗೆಟ್ಟ ಹೈಕೋರ್ಟ್ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಸರ್ಕಾರ ಅಳಲಿಲ್ಲ. ದಂಡ ಕಟ್ಟುವುದು ನಮ್ಮ ದುಡ್ಡಿನಿಂದ ತಾನೆ? ಚುನಾವಣೆ ಕಳೆದುಕೊಂಡವರೂ ನಾವೇ, ಅದಕ್ಕೆ ದಂಡ ತೆತ್ತವರೂ ನಾವೇ.

ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ಸು ಪ್ರಜಾಪ್ರಭುತ್ವದ ಕೊಲೆ ಎಂದು ಕೂಗಿತು. 2023ರಲ್ಲಿ ಅಧಿಕಾರ ಸಿಕ್ಕಿತು. ಹೆಣ ಅಲ್ಲೇ ಬಿದ್ದಿದೆ. ಈಗ ಕೊಲೆ ಎಂದು ಕೂಗುವ ಸರದಿ ಬಿಜೆಪಿಯದ್ದು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೊದಲು ಗೆದ್ದ ಚುನಾವಣೆ ಮೈಸೂರು ತಾಲ್ಲೂಕು ಬೋರ್ಡಿನದು, 1978ರಲ್ಲಿ. ಆ ಮೆಟ್ಟಿಲು ಹತ್ತಿ ವಿಧಾನಸೌಧದ ಮೂರನೇ ಮಹಡಿ ಸೇರಿದವರು, ಕೆಳಗೆ ಮೆಟ್ಟಿಲೇ ಕಾಣೆಯಾಗಿರುವುದನ್ನು ಗಮನಿಸಿದಂತಿಲ್ಲ. ಇಂದು ಅವರದೇ ಕ್ಷೇತ್ರವಾದ ವರುಣದ ಕಡೆಯ ಬಡ ವಕೀಲ ಹುಡುಗನೊಬ್ಬ ರಾಜಕೀಯಕ್ಕೆ ಬರಬೇಕೆಂದರೆ ಅವನಿಗೆ ತಾಲ್ಲೂಕು ಪಂಚಾಯ್ತಿ ಇಲ್ಲ. ಅಪ್ಪ ಮಂತ್ರಿಯಾಗಿದ್ದರೆ ಮಾತ್ರ ದಾರಿಯಿದೆ.

ಇದೆಲ್ಲದರ ಮಧ್ಯೆ ಒಂದು ಪವಾಡ. ಸ್ಥಳೀಯ ಸಂಸ್ಥೆಗಳ ಸದಸ್ಯರೇ ಮತದಾರರಾಗಿ ವಿಧಾನ ಪರಿಷತ್ತಿಗೆ 25 ಮಂದಿಯನ್ನು ಕಳಿಸುವ ಚುನಾವಣೆ ಗೊತ್ತಲ್ಲ? ಅದು 2021ರ ಡಿಸೆಂಬರ್ 10ರಂದು ಹೊತ್ತಿಗೆ ಸರಿಯಾಗಿ ನಡೆಯಿತು. ಮತದಾರರಾಗಬೇಕಿದ್ದ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಸದಸ್ಯರು ಇರಲೇ ಇಲ್ಲ. ಅವರ ಪ್ರತಿನಿಧಿಗಳು ಮಾತ್ರ ಆರಿಸಿ ಬಂದರು. ಬೇರಿಲ್ಲದ ಮರಕ್ಕೆ ಹಣ್ಣು ಬಿಟ್ಟಿತು, ಹಣ್ಣು ಕಿತ್ತುಕೊಂಡು ಎಲ್ಲರೂ ಬೆಂಗಳೂರಿಗೆ ಹೋದರು.

ನಮ್ಮವರೇನು ಸಾಚಾಗಳಲ್ಲ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷಾತೀತ ಎಂದು ಕಾಯ್ದೆ ಹೇಳುತ್ತದೆ. 2020ರ ಡಿಸೆಂಬರ್‌ನಲ್ಲಿ ಮತಪತ್ರದ ಮೇಲೆ ಕಮಲವಿರಲಿಲ್ಲ, ಕೈ ಇರಲಿಲ್ಲ, ತೆನೆ ಹೊತ್ತ ಮಹಿಳೆಯೂ ಇರಲಿಲ್ಲ. ಎಣಿಕೆ ಮುಗಿದ ಸಂಜೆ ಎಲ್ಲ ಪಕ್ಷಗಳೂ ಗೆದ್ದಿದ್ದವು. ಪ್ರತಿಯೊಬ್ಬರ ಲೆಕ್ಕವನ್ನೂ ಕೂಡಿದರೆ ಇದ್ದ ಸ್ಥಾನಗಳಿಗಿಂತ ಗೆದ್ದ ಸ್ಥಾನಗಳೇ ಹೆಚ್ಚು.

ಅದೇ ಚುನಾವಣೆಯಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನ ಹರಾಜಿಗೆ ಬಿತ್ತು. ದೇವಸ್ಥಾನದ ಜಗಲಿ ಮೇಲೆ ಕೂತು ಕೂಗಿದರು, ಲಕ್ಷಗಳಲ್ಲಿ. ದುಡ್ಡು ದೇವರ ಗೋಪುರಕ್ಕಂತೆ. ಹೆಚ್ಚು ಕೂಗಿದವನ ಎದುರು ಯಾರೂ ನಾಮಪತ್ರ ಹಾಕುವಂತಿಲ್ಲ. ಮಾರನೇ ದಿನ ಸುದ್ದಿ: ‘ಗ್ರಾಮಸ್ಥರ ಒಗ್ಗಟ್ಟು, ಅವಿರೋಧ ಆಯ್ಕೆ.’ ಬಸ್ ಸ್ಟ್ಯಾಂಡಿನ ಅಂಗಡಿ ಹರಾಜು ಹಾಕಲೂ ಒಂದು ನೋಟಿಸು ಅಂಟಿಸಬೇಕು. ಊರನ್ನು ಹರಾಜು ಹಾಕಲು ಅದೂ ಬೇಡ.

ಗೆದ್ದ ಮೇಲೆ ಟೂರು. ಅಧ್ಯಕ್ಷರ ಚುನಾವಣೆಗೆ ವಾರವಿರುವಾಗ ಸದಸ್ಯರೆಲ್ಲ ಟೆಂಪೋ ಟ್ರಾವೆಲರ್ ಹತ್ತಿ ಮಾಯ. ಫೋನು ಸ್ವಿಚ್ ಆಫ್. ಮೂವತ್ತು ತಿಂಗಳ ಅಧ್ಯಕ್ಷಗಿರಿಯನ್ನು ಹತ್ತತ್ತು ತಿಂಗಳಂತೆ ಮೂವರಿಗೆ ಹಂಚುತ್ತಾರೆ, ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಮೇಲೆ ಆಣೆ ಇಡಿಸುತ್ತಾರೆ. ಹನ್ನೊಂದನೇ ತಿಂಗಳು ಮೊದಲನೆಯವನು ಆಣೆ ಮರೆಯುತ್ತಾನೆ. ಆಮೇಲೆ ಅವಿಶ್ವಾಸ, ಮತ್ತೆ ಟೆಂಪೋ. ಮಾದಪ್ಪನ ತಾಳ್ಮೆ ದೊಡ್ಡದು.

ಹೆಂಗಸರಿಗೆ ಈಗ ಅರ್ಧ ಸ್ಥಾನ. ಒಳ್ಳೆಯದೇ. ಆದರೆ ಅಧ್ಯಕ್ಷೆಗೆ ಫೋನ್ ಮಾಡಿ, ಎತ್ತುವುದು ಗಂಡಸಿನ ದನಿ.

“ಅಧ್ಯಕ್ಷ್ರು ಇದ್ದಾರಾ?”

“ಹೇಳಿ ಸಾರ್, ನಾನೇ ಅವರ ಯಜಮಾನ್ರು.”

ಸಹಿ ಆಕೆಯದು, ಮಾತು ಈತನದು, ಬಿಲ್ಲು ಇಬ್ಬರದೂ. ಗಂಡಂದಿರು ಸಭೆಯಲ್ಲಿ ಕೂರಬಾರದೆಂಬ ಸುತ್ತೋಲೆ ಬಂದಾಗ ಅದನ್ನು ಸಭೆಯಲ್ಲಿ ಓದಿ ಹೇಳಿದವನೂ ಯಾವುದೋ ಗಂಡನೇ ಇರಬೇಕು. ಹೀಗಿದ್ದೂ ಗಂಡನನ್ನು ಹೊರಗೆ ನಿಲ್ಲಿಸಿ ತಾವೇ ಸಭೆ ನಡೆಸಿದ ಹೆಂಗಸರಿದ್ದಾರೆ. ಪಿಡಿಒಗಳು ಅವರಿಗೆ ಮಾತ್ರ ಹೆದರುತ್ತಾರೆ. ಅಂಥವರಲ್ಲಿ ಯಾರಾದರೂ ಜಿಲ್ಲಾ ಪಂಚಾಯ್ತಿಗೆ ನಿಲ್ಲುತ್ತೇನೆ ಎಂದರೆ ಈಗ ಏನು ಉತ್ತರ? ‘ಸ್ವಲ್ಪ ಕಾಯಮ್ಮ, ಗಡಿ ಎಳೀತಿದ್ದೀವಿ.’

ಇನ್ನೊಂದು ತಮಾಷೆ. 2015ರಲ್ಲಿ ನಮ್ಮ ಸದನ ಪಂಚಾಯ್ತಿ ಚುನಾವಣೆಯಲ್ಲಿ ಮತದಾನ ಕಡ್ಡಾಯ ಎಂದು ತಿದ್ದುಪಡಿ ತಂದಿತು. ಮತ ಹಾಕುವುದು ಪ್ರಜೆಯ ಕರ್ತವ್ಯ ಎಂದು ಭಾಷಣಗಳಾದವು. ಚುನಾವಣೆ ನಡೆಸುವುದು ಕಡ್ಡಾಯ ಎಂದು ಸಂವಿಧಾನ ಹೇಳಿ ಆಗಲೇ 22 ವರ್ಷವಾಗಿತ್ತು. ಕಡ್ಡಾಯವೆಲ್ಲ ನಮಗೆ, ಐಚ್ಛಿಕವೆಲ್ಲ ಅವರಿಗೆ.

ಸದಸ್ಯರಿಲ್ಲದಿದ್ದರೆ ನಷ್ಟವೇನು, ಅಧಿಕಾರಿಗಳೇ ಚೆನ್ನಾಗಿ ನೋಡಿಕೊಳ್ಳುತ್ತಾರಲ್ಲ ಎನ್ನುವ ಜಾಣರಿದ್ದಾರೆ. ಕೇಂದ್ರ ಹಣಕಾಸು ಆಯೋಗದ ಅನುದಾನ ಚುನಾಯಿತ ಪಂಚಾಯ್ತಿಗಳಿಗೆ ಮಾತ್ರ. ಚುನಾವಣೆ ಇಲ್ಲ, ದುಡ್ಡೂ ಇಲ್ಲ. ಇದೇ ಸರ್ಕಾರ ದೆಹಲಿಗೆ ಹೋಗಿ ನಮ್ಮ ಪಾಲಿನ ತೆರಿಗೆ ಕೊಡಿ ಎಂದು ಧರಣಿ ಕೂರುತ್ತದೆ. ಹಳ್ಳಿಯ ಪಾಲನ್ನು ಮಾತ್ರ ತಾನೇ ಬಾಗಿಲು ಹಾಕಿ ತಡೆಯುತ್ತದೆ. ಕುಡಿಯುವ ನೀರಿನ ಪೈಪು ಒಡೆದರೆ ಕೇಳಲು ಹಿಂದೆ ಒಬ್ಬ ಜಿಲ್ಲಾ ಪಂಚಾಯ್ತಿ ಮೆಂಬರ್ ಇದ್ದ. ಕೆಲಸ ಮಾಡುತ್ತಿದ್ದನೋ ಇಲ್ಲವೋ, ಮದುವೆ ಮನೆಯಲ್ಲಿ ಸಿಕ್ಕಾಗ ಎಲ್ಲರ ಎದುರು ಬೈಯಬಹುದಿತ್ತು. ಈಗ ಆಡಳಿತಾಧಿಕಾರಿ. ಆತ ಬೆಂಗಳೂರಿನ ಹಿರಿಯ ಐಎಎಸ್. ನಮ್ಮೂರ ಮದುವೆಗೆ ಬರುವುದಿಲ್ಲ.

2025ರ ಏಪ್ರಿಲ್ 24ರಂದು ಮಲೆ ಮಹದೇಶ್ವರ ಬೆಟ್ಟದಲ್ಲಿ ಸಚಿವ ಸಂಪುಟದ ಸಭೆ ನಡೆಯಿತು. ಇಡೀ ಸರ್ಕಾರವೇ ಬೆಟ್ಟ ಹತ್ತಿತು. ಸಾವಿರಾರು ಕೋಟಿ ರೂಪಾಯಿಯ ಯೋಜನೆಗಳಿಗೆ ಒಪ್ಪಿಗೆ. ಏಪ್ರಿಲ್ 24 ರಾಷ್ಟ್ರೀಯ ಪಂಚಾಯತ್ ರಾಜ್ ದಿನ. ಜಿಲ್ಲಾ ಪಂಚಾಯ್ತಿಗೆ ಒಬ್ಬ ಸದಸ್ಯನೂ ಇಲ್ಲದ ಜಿಲ್ಲೆಯಲ್ಲಿ, ಪಂಚಾಯತ್ ರಾಜ್ ದಿನದಂದೇ, ಜಿಲ್ಲೆಗೆ ಏನು ಬೇಕೆಂದು ಬೆಂಗಳೂರಿನವರು ಕೂತು ತೀರ್ಮಾನಿಸಿ ಇಳಿದು ಹೋದರು. ಬೇಕೆಂದೇ ಆ ದಿನ ಆರಿಸಿಕೊಂಡಿರಲಾರರು. ಅಷ್ಟು ವ್ಯಂಗ್ಯಪ್ರಜ್ಞೆ ಇದ್ದಿದ್ದರೆ ಇಷ್ಟರಲ್ಲಿ ನಾಚಿಕೆಯೂ ಬಂದಿರುತ್ತಿತ್ತು.

ಅದೇ ಬೆಟ್ಟದ ಮಗ್ಗುಲಲ್ಲಿ ಇಂಡಿಗನತ್ತವಿದೆ. ರಸ್ತೆ, ನೀರು, ಕರೆಂಟು ಕೊಡಿ ಎಂದು ಸಾಕಾದ ಊರು. 2024ರ ಲೋಕಸಭೆ ಚುನಾವಣೆಯ ದಿನ ಮತ ಹಾಕುವುದಿಲ್ಲ ಎಂದರು, ಗಲಾಟೆಯಾಯಿತು, ಮತಗಟ್ಟೆಯಲ್ಲಿ ಯಂತ್ರ ಪುಡಿಯಾಯಿತು. ಒಡೆದದ್ದು ತಪ್ಪೇ. ಮೂರೇ ದಿನದಲ್ಲಿ, ಏಪ್ರಿಲ್ 29ಕ್ಕೆ, ಮರುಮತದಾನ ನಡೆಯಿತು. ಕಾಡಿನ ನಡುವಿನ ಒಂದು ಮತಗಟ್ಟೆಗೆ ಅಧಿಕಾರಿಗಳು, ಪೊಲೀಸರು, ಯಂತ್ರಗಳು, ಎಲ್ಲವೂ ಮೂರು ದಿನದಲ್ಲಿ ತಲುಪಿದವು. ಮನಸ್ಸು ಮಾಡಿದರೆ ನಮ್ಮ ಸರ್ಕಾರಿ ಯಂತ್ರಕ್ಕೆ ಚುನಾವಣೆ ನಡೆಸಲು ಬೇಕಾಗುವ ಕಾಲ ಅಷ್ಟು. ಆ ಊರಿನ ರಸ್ತೆ, ನೀರು ನೋಡಬೇಕಾದ ಜಿಲ್ಲಾ ಪಂಚಾಯ್ತಿಯ ಚುನಾವಣೆಗೆ ಮಾತ್ರ ನಾಲ್ಕು ವರ್ಷ ಸಾಲದು.

ಪಾಪ ಎನಿಸುವುದು ಆಕಾಂಕ್ಷಿಗಳನ್ನು ಕಂಡರೆ. ಪ್ರತಿ ಹೋಬಳಿಯಲ್ಲೂ ಒಬ್ಬನಿದ್ದಾನೆ. 2021ರಿಂದ ಫ್ಲೆಕ್ಸ್ ಕಟ್ಟಿಸುತ್ತಿದ್ದಾನೆ, ‘ಜಿಲ್ಲಾ ಪಂಚಾಯ್ತಿ ಪ್ರಬಲ ಆಕಾಂಕ್ಷಿ’ ಎಂದು. ಗಣೇಶನ ಪೆಂಡಾಲಿಗೆ ಚಂದಾ ಕೊಟ್ಟ, ಕಬಡ್ಡಿ ಟೂರ್ನಮೆಂಟಿಗೆ ಕಪ್ ಕೊಟ್ಟ, ಸತ್ತವರ ಮನೆಗೆಲ್ಲ ಹೋಗಿ ಬಂದ. ಎರಡು ಸಲ ಮೀಸಲು ಬದಲಾದೀತೆಂಬ ಸುದ್ದಿ ಹಬ್ಬಿ, ಎರಡು ಸಲ ಫ್ಲೆಕ್ಸಿನಲ್ಲಿ ಹೆಂಡತಿಯ ಫೋಟೋ ಸೇರಿ, ಎರಡು ಸಲ ತೆಗೆದುಹಾಕಿದ್ದಾಯಿತು. ಎರಡೆಕರೆ ಜಮೀನು ಅಡಮಾನಕ್ಕೆ ಹೋಯಿತು. ಎಲೆಕ್ಷನ್ ಯಾವಾಗಣ್ಣ ಎಂದು ಕೇಳಿದರೆ ಶಾಸಕರು ಬೆನ್ನು ತಟ್ಟಿ ಹೇಳುತ್ತಾರೆ, “ಇನ್ನು ಮೂರೇ ತಿಂಗಳು ಕಣೋ.”

ಮೊನ್ನೆ ಅವನ ಫ್ಲೆಕ್ಸು ಹೊಸದಾಗಿತ್ತು. ಜಿಲ್ಲಾ ಪಂಚಾಯ್ತಿ ಎಂಬುದು ಹೋಗಿ ‘ಭಾವಿ ಶಾಸಕರು, 2028’ ಎಂದಾಗಿದೆ. ಇದ್ಯಾಕಯ್ಯ ಎಂದರೆ, “ಆ ಎಲೆಕ್ಷನ್ ಆದ್ರೆ ಹೇಳಿದ್ ಹೊತ್ತಿಗೆ ಬತ್ತದಲ್ಲ ಸಾ” ಎಂದ. ಬೆನ್ನು ತಟ್ಟುತ್ತಿದ್ದ ಶಾಸಕರು ಆ ಫ್ಲೆಕ್ಸನ್ನು ರಾತ್ರೋರಾತ್ರಿ ಬಿಚ್ಚಿಸಿದ್ದಾರೆ.