ರಸವಿಘ್ನಗಳು ಏಳಲ್ಲ, ಎಂಟು: ಡೊಂಬಿವಲಿಯಿಂದ ಒಂದು ಸಾಕ್ಷ್ಯ

ರಸಾನುಭವಕ್ಕೆ ಅಡ್ಡಬರುವ ವಿಘ್ನಗಳು ಏಳು ಎಂದು ಅಭಿನವಗುಪ್ತ ‘ಅಭಿನವಭಾರತಿ’ಯಲ್ಲಿ ಎಣಿಸಿಟ್ಟಿದ್ದಾನೆ. ಆ ಕಾಶ್ಮೀರದ ಆಚಾರ್ಯ ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದವನಲ್ಲ. ಹತ್ತಿದ್ದರೆ ಎಂಟನೆಯದನ್ನು ತಾನೇ ಸೇರಿಸಿ ನಮ್ಮ ಶ್ರಮ ತಪ್ಪಿಸುತ್ತಿದ್ದ. ಅದರ ಸೂತ್ರರೂಪ ಹೀಗಿದೆ: ‘ಠಾಣಾ ಉತರ್ನಾ ಹೈ ಕ್ಯಾ?’

ಅಧ್ಯಯನಕ್ಕೆ ಒದಗಿದ ಜೀವಿ ಒಬ್ಬ ಅಭಿಮಾನಿ. ವಾಸ ಡೊಂಬಿವಲಿ ಪೂರ್ವ, ಉದ್ಯೋಗ ಐರೋಲಿಯ ಒಂದು ಐಟಿ ಕಚೇರಿ, ಮನೆಮಾತು ಕುಂದಾಪುರದ್ದು. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕೋ. ಎಂಬ ಇಂಡಿ ತಂಡ 2024ರ ಆಗಸ್ಟ್‌ನಲ್ಲಿ ‘ಬೀಟಾ’ ಆಲ್ಬಮ್ ಹೊರತಂದ ದಿನದಿಂದ ಈತ ವ್ಯಾಕುಲನಾಗಿದ್ದಾನೆ. ಹಿಂದಿನ ‘ಬಿಸ್ಮಿಲ್ಲಾ’ ಬಂದದ್ದು 2019ರಲ್ಲಿ. ನಡುವಿನ ಐದು ವರ್ಷಗಳನ್ನು ವಿಪ್ರಲಂಭ ಎಂದೇ ಗಣಿಸತಕ್ಕದ್ದು.

ಇಲ್ಲಿ ಪೂರ್ವಪಕ್ಷಿಗಳು ತಕರಾರು ತೆಗೆಯುತ್ತಾರೆ. ವಿರಹಕ್ಕೆ ಆಲಂಬನ ವಿಭಾವ ಬೇಕಲ್ಲ? ಅಗಲಿ ಹೋಗುವುದಕ್ಕೆ ಮೊದಲು ಯಾರಾದರೂ ಬಂದಿರಬೇಕಲ್ಲ? ಈತನ ಬಾಳಿನಲ್ಲಿ ಯಾರೂ ಬಂದ ದಾಖಲೆಯಿಲ್ಲ. ನಮ್ಮ ಉತ್ತರ: ನಷ್ಟವನ್ನು ಆಲ್ಬಮ್ಮೇ ಒದಗಿಸುತ್ತದೆ, ಕೇಳುಗ ಕಿವಿಯನ್ನು ಮಾತ್ರ ತಂದರೆ ಸಾಕು. ಸೂರ್ಯಕಾಂತ್ ಸಾಹ್ನಿ ಹಳೆಯ ಕಾಲದ ಗಾಯಕರ ಹಾಗೆ ದನಿ ಎಳೆದು ಹಾಡುವುದೂ ಹಿಂದಿನಿಂದ ಟ್ರಂಪೆಟ್ ನರಳುವುದೂ ತನ್ನೊಬ್ಬನಿಗಾಗಿಯೇ ಎಂದು ಈತ ನಂಬಿದ್ದಾನೆ. ಇದು ಸಾಧಾರಣೀಕರಣಕ್ಕೆ ತೀರಾ ವಿರುದ್ಧವೆಂದು ತಿಳಿಸಲಾಯಿತು. ಆತ ಇಯರ್‌ಫೋನ್ ತೆಗೆಯಲಿಲ್ಲ.

ಅನುಭಾವಗಳು ಸ್ಪಷ್ಟವಾಗಿವೆ: ಅರೆಮುಚ್ಚಿದ ಕಣ್ಣು, ಎಡಕ್ಕೆ ವಾಲಿದ ಕತ್ತು, ನಿಟ್ಟುಸಿರು. ತಾಯಿ ಮಾತ್ರ ಇವನ್ನು ಬೇರೆ ಶಾಸ್ತ್ರದಡಿ ವ್ಯಾಖ್ಯಾನಿಸಿದ್ದಾರೆ. ‘ಎಂತ ಆಯ್ತ್ ಮಗಾ, ಹೊಟ್ಟಿ ನೋವಾ?’ ಎಂದು ಕೇಳಿ ಓಮದ ಕಷಾಯ ಕೊಟ್ಟರು. ಒಮ್ಮೆ ಸ್ಪೀಕರಿನಲ್ಲಿ ಟ್ರಂಪೆಟ್ ಕೇಳಿದಾಗ ತಂದೆ ಕಿಟಕಿಯಿಂದ ಬಗ್ಗಿ, ಯಾರ ಮನೆಯ ದಿಬ್ಬಣ ಎಂದು ನೋಡಿದರು.

ಭಾವುಕತೆಗೆ ಕನಿಷ್ಠ ಎಷ್ಟು ಜಾಗ ಬೇಕು ಎಂಬುದನ್ನು ಆಲಂಕಾರಿಕರು ಚರ್ಚಿಸಿಲ್ಲ, ಬಹುಶಃ ಅವರ ಮನೆಗಳು ದೊಡ್ಡವಿದ್ದವು. ಒನ್ ಬಿಎಚ್‌ಕೆಯಲ್ಲಿ ತಂದೆ, ತಾಯಿ, ತಂಗಿ, ಊರಿನಿಂದ ಕೆಲಸ ಹುಡುಕಿ ಬಂದ ಸೋದರಮಾವನ ಮಗ. ಬಚ್ಚಲಲ್ಲಿ ಅಳೋಣವೆಂದರೆ ನೀರು ಬರುವ ಹೊತ್ತು, ಬಕೆಟ್‌ಗಳ ಸಾಲು. ಆದ್ದರಿಂದ ಏಕಾಂತಕ್ಕಾಗಿ ಲೋಕಲ್ಲಿಗೇ ಬರಬೇಕು. ಅಲ್ಲಿ ಸೀಟುಗಳು ಕಲ್ಯಾಣದಲ್ಲೇ ತುಂಬಿರುತ್ತವೆ. ಮೂವರ ಸೀಟಿನ ತುದಿಯಲ್ಲಿ ಅರ್ಧ ಪೃಷ್ಠಕ್ಕೆ ಆಧಾರ ಕೊಡುವ ಫೋರ್ತ್ ಸೀಟ್ ಸಿಕ್ಕರೆ ಅದು ಪೂರ್ವಪುಣ್ಯ. ಇಲ್ಲದಿದ್ದರೆ ಪಕ್ಕೆಗೆ ಪರರ ಡಬ್ಬಿ ಒತ್ತಿಸಿಕೊಂಡು, ನಿಂತು ಶೋಕಿಸಬೇಕು. ಹಾಡಿಗೆ ಇನ್ನೇನು ಎದೆ ಬಿರಿಯಬೇಕು, ಅಷ್ಟರಲ್ಲಿ ಹಿಂದಿನಿಂದ ಎಂಟನೆಯ ವಿಘ್ನ.

2025ರ ಜನವರಿ 18, 19 ಮತ್ತು 21ರಂದು ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ಹಾಡಿತು. ಠಾಣೆಯಲ್ಲಿ ಟ್ರಾನ್ಸ್ ಹಾರ್ಬರ್ ಲೈನ್ ಹಿಡಿದರೆ ನೇರ ಅಲ್ಲಿಗೇ. ‘ನಿನ್ನ ಅಳುವ ಬ್ಯಾಂಡು ಮನೆ ಬಾಗಿಲಿಗೇ ಬಂತಲ್ಲ’ ಎಂದು ಸಹೋದ್ಯೋಗಿಗಳು ಅಭಿನಂದಿಸಿದರು. ಈತನಿಗಾದ ಅವಮಾನ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಯಾವುದರೊಳಗೂ ಕೂರದು. ಕ್ರೀಡಾಂಗಣ ತುಂಬುವ ದುಃಖ ದುಃಖವೇ ಅಲ್ಲ ಎಂಬುದು ಈತನ ಮತ.

ಇನ್ನು ಸಂಶೋಧನೆಯ ಮುಖ್ಯ ಭಾಗ. ಕಲ್ಯಾಣದ ಕಡೆಯಿಂದ ಅದೇ ಡಬ್ಬದಲ್ಲಿ ಒಂದು ಭಜನಾ ಮಂಡಳಿ ಬರುತ್ತದೆ. ಒಬ್ಬರ ಕೊರಳಲ್ಲಿ ಢೋಲಕ್ಕಿ, ನಾಲ್ಕಾರು ಮಂದಿಯ ಕೈಯಲ್ಲಿ ತಾಳ. ಇಂಡಿ ಎನಿಸಿಕೊಳ್ಳಲು ಬೇಕಾದ ಲಕ್ಷಣಗಳೆಲ್ಲ ಇವರಲ್ಲಿವೆ: ಕಂಪನಿಯಿಲ್ಲ, ಮ್ಯಾನೇಜರಿಲ್ಲ, ಟಿಕೆಟ್ಟೂ ಇಲ್ಲ, ಪಾಸ್ ಇದೆ. ಭಾವುಕತೆಯಲ್ಲೂ ಕಡಿಮೆಯಿಲ್ಲ. ಕಣ್ಣೊರೆಸಿಕೊಳ್ಳುತ್ತಲೇ ಹಾಡುತ್ತಾರೆ, ಅದಕ್ಕೆ ನಾಚುವುದಿಲ್ಲ. ಅಭಿಮಾನಿ ಧ್ವನಿ ಏರಿಸಿದ, ಢೋಲಕ್ಕಿಯೂ ಏರಿತು. ಕೋಪರ್ ದಾಟುವಷ್ಟರಲ್ಲಿ ‘ಬೀಟಾ’ದ ಡ್ರಮ್ಮಿಗೂ ವಿಠ್ಠಲನ ಭಜನೆಗೂ ಲಯ ಕೂಡಿತೋ, ಫೋನಿನ ಬ್ಯಾಟರಿ ಸತ್ತಿತೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆತನ ಬೆರಳು ಮಾತ್ರ ಕಂಬದ ಮೇಲೆ ತಟ್ಟುತ್ತಿತ್ತು. ಮಂಡಳಿಯ ಹಿರಿಯರೊಬ್ಬರು ಅದನ್ನು ಕಂಡು, ‘ತಾಳ ಧರ, ಬಾಳಾ’ ಎಂದು ಒಂದು ಜೋಡಿ ಕೈಗಿತ್ತರು.

ಹಿಂದಿನಿಂದ ಯಾರೋ ವಾಡಿಕೆಯ ಪ್ರಶ್ನೆ ಕೇಳಿದರು. ಆತ ಇಲ್ಲವೆಂದು ತಲೆಯಾಡಿಸಿ ದಾರಿ ಬಿಟ್ಟ.

ಘಾಟ್ಕೋಪರಿನಲ್ಲಿ ಇಳಿದು, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಠಾಣೆಯ ಗಾಡಿಗೆ ಕಾಯುತ್ತ, ಪಕ್ಕದವರ ಫೋನು ಬೇಡಿ ಐರೋಲಿಯ ಮೇಲಧಿಕಾರಿಗೆ ಸಂದೇಶ ಕಳಿಸಿದ: ಸಿಗ್ನಲ್ ಫೇಲ್ಯೂರ್.