ಹಿಂಬಡ್ತಿ ಪುರಾಣ

ನಮ್ಮ ಮನೆಯಲ್ಲಿ ಯಾವ ವಸ್ತುವೂ ಸಾಯುವುದಿಲ್ಲ, ಹಿಂಬಡ್ತಿ ಪಡೆಯುತ್ತದೆ ಅಷ್ಟೆ. ನನ್ನ ಬನಿಯನ್ನು ಮೊದಲ ತೂತು ಬಿದ್ದ ದಿನ ಗ್ಯಾಸ್ ಕಟ್ಟೆ ಒರೆಸುವ ಹುದ್ದೆಗೆ ಇಳಿಯುತ್ತದೆ, ಆಮೇಲೆ ಸ್ಕೂಟರಿಗೆ, ಕಡೆಗೆ ಬಚ್ಚಲ ಮೂಲೆಗೆ. ಅಲ್ಲಿಂದಲೂ ಎತ್ತಿ ಬಿಸಾಕಲು ಹೋದರೆ, "ಇರ್ಲಿ ಬಿಡ್ರೀ, ಯಾವುದಕ್ಕಾದ್ರೂ ಆಗುತ್ತೆ" ಎಂದು ನನ್ನಾಕೆಯ ತಡೆಯಾಜ್ಞೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ, ಡಾಲ್ಡಾ ಡಬ್ಬದಲ್ಲಿ ತುಳಸಿ. ನೀಲಿ ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರ. ಮನೆಗೆ ಬಂದ ಮಕ್ಕಳು ಆಸೆಯಿಂದ ಅದರ ಮುಚ್ಚಳ ತೆಗೆದು, ಸಂಸಾರ ಎಂದರೇನೆಂದು ಎಳವೆಯಲ್ಲೇ ತಿಳಿಯುತ್ತವೆ.

ಕೊಟ್ಟು ಕಳಿಸುವ ವಿದ್ಯೆಯೂ ನಮಗೆ ಗೊತ್ತು. ಬ್ಲೌಸ್ ಪೀಸನ್ನೇ ನೋಡಿ. ಗುಳೇದಗುಡ್ಡದ ಖಣವಾದರೆ ಯಾರಾದರೂ ಇಟ್ಟುಕೊಂಡು ಹೊಲಿಸಿಯಾರು. ಉಳಿದದ್ದು ಅರಿಶಿನ ಕುಂಕುಮದ ಜತೆ ಗೌರಿ ಹಬ್ಬಕ್ಕೆ ಹೊರಟು, ಗೃಹಪ್ರವೇಶ, ಸೀಮಂತ, ಸತ್ಯನಾರಾಯಣ ಪೂಜೆ ಮುಗಿಸಿ, ಮಡಿಕೆ ಬಿಚ್ಚದೆ ಬಡಾವಣೆಯನ್ನೆಲ್ಲ ಸುತ್ತುತ್ತದೆ. "ಒಂದನ್ನಾದ್ರೂ ಹೊಲಿಸಬಾರದೇ?" ಎಂದರೆ, "ಹೊಲಿಸಿದ್ರೆ ನಾಳೆ ಬಂದೋರಿಗೆ ಏನು ಕೊಡೋದು?" ಎನ್ನುತ್ತಾಳೆ.

ತೊಂದರೆಯೇನಿದ್ದರೂ ಹೀಗೆ ಕಾಲು ಬಾರದ ಸಾಮಾನುಗಳದ್ದು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಭಿಯಾನವೊಂದು ಶುರುವಾಗಿ, ಹಳೆ ಬಟ್ಟೆ, ಪುಸ್ತಕ, ಆಟಿಕೆ ಪಡೆಯಲು ಊರೂರುಗಳಲ್ಲಿ 'ಆರ್‌ಆರ್‌ಆರ್' ಕೇಂದ್ರಗಳು ತೆರೆದವು. ನೆರೆಮನೆಯ ಹಿರಿಯರು ಸಿನಿಮಾ ಟಿಕೆಟ್ಟಿನ ವಿಚಾರಣೆ ಮಾಡಿದರು. ನಾನು ದೊಡ್ಡ ಚೀಲ ಹಿಡಿದು ಅಟ್ಟ ಹತ್ತಿದೆ. ನಾನು ಹಾಕಿದ್ದನ್ನೆಲ್ಲ ಕೆಳಗೆ ಕೂತ ಇವಳು ತೆಗೆದಳು. ಸ್ವೆಟರ್ ಮಗಳು ಮೊದಲು ತೊಟ್ಟದ್ದು, ತಾಮ್ರದ ತಂಬಿಗೆ ತವರಿನದು, ಒಡೆದ ಛತ್ರಿ "ಮಾವನವರು ಹಿಡಿದದ್ದು". ಕಡೆಗೆ ದಾನಕ್ಕೆ ಉಳಿದದ್ದು ಜೋಡಿಯಿಲ್ಲದ ಒಂದು ಬೂಟು, ಹಳೆ ಗೈಡುಗಳು ಮತ್ತು ಜಾರ್ ಇಲ್ಲದ ಮಿಕ್ಸಿ.

ಇದು ಹಳೆಯ ಚಾಳಿ. ಕಠೋಪನಿಷತ್ತಿನ ವಾಜಶ್ರವಸನೂ ಯಜ್ಞ ಮಾಡಿ, ಹಾಲು ಬತ್ತಿ ಹುಲ್ಲು ತಿನ್ನಲೂ ಆಗದ ಹಸುಗಳನ್ನೇ ಆರಿಸಿ ದಾನಕ್ಕೆ ಇಟ್ಟಿದ್ದ. ಮಗ ನಚಿಕೇತ ಕೆದಕಿ ಕೇಳಿದ್ದಕ್ಕೆ ಯಮನ ಮನೆ ತೋರಿಸಿದ. 2004ರ ಸುನಾಮಿಯಾದಾಗ ತಮಿಳುನಾಡಿನ ಕರಾವಳಿಗೆ ನಾವೆಲ್ಲ ಕಳಿಸಿದ ಬಟ್ಟೆಗಳಲ್ಲಿ ತೊಡಲಾಗದವು ರಾಶಿ ರಾಶಿ ಬಿದ್ದವು. ಅವನ್ನು ವಿಂಗಡಿಸಿ ಬಳಕೆಗೆ ತರುವ ಕೆಲಸ 'ಗೂಂಜ್' ಸಂಸ್ಥೆಯವರ ಪಾಲಿಗೆ ಬಂತು. 1999ರಲ್ಲಿ ಅದನ್ನು ಕಟ್ಟಿದ ಅಂಶು ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ನಮ್ಮಂಥವರ ಹರಕು ಪ್ಯಾಂಟುಗಳನ್ನು ಬಿಡಿಸಿ ನೋಡಿದ್ದಕ್ಕೆ ಅಷ್ಟಾದರೂ ಕೊಡಬೇಡವೇ?

ನಮ್ಮಲ್ಲಿ ನಚಿಕೇತನ ಪಾತ್ರ ಕೆಲಸಕ್ಕೆ ಬರುವಾಕೆಯದು. ಹಬ್ಬದ ಹಿಂದಿನ ದಿನ ನಾನು ಉದಾರವಾಗಿ ಮಿಕ್ಸಿಯನ್ನು ಮುಂದಿಟ್ಟೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಬೋರಲು ಹಾಕಿ, ತಳದ ನಾಲ್ಕು ರಬ್ಬರ್ ಕಾಲುಗಳಲ್ಲಿ ಮೂರೇ ಇರುವುದನ್ನು ಬೆರಳಿಟ್ಟು ಎಣಿಸಿದಳು. ಮೂಸಿ ನೋಡಿದಳು.

"ಜಾರು ಎಲ್ಲೈತೆ ಸಾರ್?"

"ಒಡೆದುಹೋಯ್ತು."

"ಮೋಟ್ರು?"

"ಚೆನ್ನಾಗಿದೆ. ತಿರುಗುವಾಗ ಸ್ವಲ್ಪ ಸುಟ್ಟ ವಾಸನೆ, ಅಷ್ಟೆ."

ಆಕೆಗೆ ನನ್ನ ಮೇಲೆ ಕನಿಕರ ಹುಟ್ಟಿದ್ದು ಮುಖದಲ್ಲೇ ಕಂಡಿತು.

"ಇಂಥದ್ದೇ ಒಂದು ನಮ್ಮನೇಲೂ ಸುಮ್ನೆ ಬಿದ್ದೈತೆ ಸಾರ್. ಅದರ ಜಾರು ಗಟ್ಟಿಯಾಗೈತೆ. ನಾಳೆ ತಂದ್ಕೊಡ್ಲಾ?"

ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯಿಂದ ಉತ್ತರ ಬಂತು: "ತಗೊಂಬಾಮ್ಮ, ಯಾವುದಕ್ಕಾದ್ರೂ ಆಗುತ್ತೆ!"